ಬಾಗಿನ ಮತ್ತು ಪಾಲು: ಗೌರಿ ಹಬ್ಬದ ಮನೆಯ ಆಚರಣೆಯಲ್ಲಿ ತವರಿನ ನೆಲೆ

ಹಳೆ ಮೈಸೂರು ಭಾಗದ ಮನೆಗಳಲ್ಲಿ ಭಾದ್ರಪದ ಶುದ್ಧ ತದಿಗೆಯಂದು ನಡೆಯುವ ಸ್ವರ್ಣಗೌರೀವ್ರತವನ್ನು ಮರುದಿನದ ಗಣೇಶ ಚೌತಿಯ ಪೂರ್ವಪೀಠಿಕೆಯೆಂಬಂತೆ ನೋಡುವುದು ವಾಡಿಕೆ. ಸಾರ್ವಜನಿಕ ಗಣೇಶೋತ್ಸವದ ರಾಜಕೀಯ, ಸಾಮಾಜಿಕ ಆಯಾಮಗಳು ಚರ್ಚೆಗೆ ಒಳಗಾದಷ್ಟು ಮನೆಯೊಳಗಿನ ಗೌರಿಯ ಆಚರಣೆ ಒಳಗಾಗಿಲ್ಲ. 'ಹೆಂಗಸರ ಹಬ್ಬ' ಎಂಬ ಒಂದು ಮಾತಿನಲ್ಲಿ ಅದರ ವಿವರಣೆ ಮುಗಿದುಹೋಗುತ್ತದೆ. ಆದರೆ ಈ ಹಬ್ಬದಲ್ಲಿ ಎರಡು ಭಿನ್ನ ಆಶಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು, ಪತಿಯನ್ನು ಕೇಂದ್ರವಾಗಿರಿಸಿಕೊಂಡ ವ್ರತ. ಇನ್ನೊಂದು, ತವರನ್ನು ಕೇಂದ್ರವಾಗಿರಿಸಿಕೊಂಡ ಬಾಗಿನ. ಇವೆರಡರ ಸಂಬಂಧವನ್ನು ಗುರುತಿಸಿ, ಅದರ ಮೂಲಕ ಹುಟ್ಟಿದ ಮನೆಯಲ್ಲಿ ಮಗಳಿಗಿರುವ ಸ್ಥಾನವನ್ನು ಅರಿಯುವುದು ಪ್ರಸ್ತುತ ಲೇಖನದ ಉದ್ದೇಶ.

ವ್ರತದ ಪಠ್ಯ

ವ್ರತಪುಸ್ತಕಗಳಲ್ಲಿ ಸ್ಕಾಂದಪುರಾಣದ ಹೆಸರಿನಲ್ಲಿ ಪ್ರಚಲಿತವಾಗಿರುವ ಕಥೆ ಚಂದ್ರಪ್ರಭನೆಂಬ ಅರಸನದು. ಬೇಟೆಗೆ ಹೋದ ಅರಸ ಸರೋವರದ ದಡದಲ್ಲಿ ಅಪ್ಸರೆಯರು ಗೌರಿಯನ್ನು ಪೂಜಿಸುವುದನ್ನು ಕಂಡು, ವ್ರತದ ವಿಧಿಯನ್ನು ತಿಳಿದು, ಕೈಗೆ ದಾರ ಕಟ್ಟಿಕೊಂಡು ಮರಳುತ್ತಾನೆ. ಅವನ ಇಬ್ಬರು ಮಡದಿಯರಲ್ಲಿ ಒಬ್ಬಳು ಆ ದಾರವನ್ನು ಕಿತ್ತು ಒಣಗಿದ ಮರದ ಮೇಲೆ ಎಸೆಯುತ್ತಾಳೆ. ಮರ ಚಿಗುರುತ್ತದೆ. ಅದನ್ನು ಕಂಡು ದಾರವನ್ನು ತಾನು ಕಟ್ಟಿಕೊಂಡ ಇನ್ನೊಬ್ಬಳು ಪತಿಗೆ ಪ್ರಿಯಳಾಗುತ್ತಾಳೆ. ಎಸೆದವಳು ಪರಿತ್ಯಕ್ತಳಾಗಿ ಕಾಡುಪಾಲಾಗಿ, ಕೊನೆಗೆ ಗೌರಿಯ ಕೃಪೆಯಿಂದ ಮತ್ತೆ ಪತಿಯ ಒಲವನ್ನು ಪಡೆಯುತ್ತಾಳೆ. ಹದಿನಾರು ಗಂಟಿನ ದಾರಕ್ಕೆ ಮಾಡುವ ಗ್ರಂಥಿಪೂಜೆಗೆ ಈ ಕಥೆಯೇ ಸಮರ್ಥನೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಡೀ ಕಥೆ ಪತಿಯ ಪ್ರೀತಿಯ ಪ್ರಾಪ್ತಿ ಹಾಗೂ ನಷ್ಟದ ಸುತ್ತ ಸುತ್ತುತ್ತದೆ. ತಾಯಿ, ಅಣ್ಣ, ತವರುಮನೆ ಇವು ಅದರ ಆಶಯವಲ್ಲ. ಪುರೋಹಿತರು ಓದುವ ಕಥೆಯಲ್ಲಿ ಇಲ್ಲದ ತವರು ಅದೇ ಮನೆಯ ಆಚರಣೆಯಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಆಚರಣೆಯ ಕ್ರಮ

ಜನರ ತಿಳಿವಳಿಕೆಯಲ್ಲಿ ಗೌರಿ ಆ ದಿನ ತವರಿಗೆ ಬರುತ್ತಾಳೆ. ಮರುದಿನ ಮಗ ಗಣಪ ತಾಯಿಯನ್ನು ಕರೆದೊಯ್ಯಲು ಬರುತ್ತಾನೆ. ಆದ್ದರಿಂದ ಪೂಜೆ ಮಾಡುವ ಮನೆ ಭಕ್ತರ ಮನೆ ಮಾತ್ರವಲ್ಲ, ದೇವಿಯ ತವರೂ ಹೌದು. ಕೆಲವರು ಅರಿಶಿನದಲ್ಲಿ ಗೌರಿಯನ್ನು ಮಾಡುತ್ತಾರೆ. ಕೆಲವರು ಮಣ್ಣಿನ ಗೌರಿಯನ್ನು ತರುತ್ತಾರೆ. ಹೊಳೆ, ಕೆರೆ, ಬಾವಿಗಳ ಬಳಿ ಗಂಗೆಪೂಜೆ ಮಾಡಿ ಮಳಲಗೌರಿಯನ್ನು ಮನೆತುಂಬಿಸಿಕೊಳ್ಳುವ ರೂಢಿಯೂ ಉಂಟು. ಬಾಗಿಲಿಗೆ ತಳಿರುತೋರಣ, ಒಳಗೆ ಮಂಟಪ, ಷೋಡಶೋಪಚಾರ, ದಾರದ ಪೂಜೆ ಇವು ಕ್ರಮವಾಗಿ ನಡೆಯುತ್ತವೆ. ಬೀಳ್ಕೊಡುವಾಗ ಗೌರಿಗೆ ಮಡಿಲಕ್ಕಿ ತುಂಬಲಾಗುತ್ತದೆ. ಕೆಲವು ಮನೆಗಳಲ್ಲಿ ದಾರಿಯ ಬುತ್ತಿಯೆಂದು ಮೊಸರನ್ನವನ್ನು ನೈವೇದ್ಯ ಮಾಡುತ್ತಾರೆ. ಇವು ಗಂಡನ ಮನೆಗೆ ಹೊರಟ ಮಗಳಿಗೆ ಸಲ್ಲುವ ಉಪಚಾರಗಳೇ ಆಗಿವೆ.

ಮೊರದ ಬಾಗಿನ

ಈ ಆಚರಣೆಯ ತಿರುಳು ಮೊರದ ಬಾಗಿನ. 'ಬಾಗಿನ' ಶಬ್ದ ಸಂಸ್ಕೃತದ 'ವಾಯನ'ಕ್ಕೆ ಸಂಬಂಧಿಸಿದುದು; ತೆಲುಗಿನ 'ವಾಯನಂ', ಮರಾಠಿಯ 'ವಾಣ' ಇದರ ಸೋದರ ರೂಪಗಳು. ತೊಳೆದು ಅರಿಶಿನ ಬಳಿದು ಕುಂಕುಮವಿಟ್ಟ ಬಿದಿರ ಮೊರದಲ್ಲಿ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಬೆಲ್ಲ, ತೆಂಗಿನಕಾಯಿ, ಹಣ್ಣು, ರವಿಕೆ ಕಣ, ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ಅರಿಶಿನ, ಕುಂಕುಮಗಳನ್ನಿಟ್ಟು ಮತ್ತೊಂದು ಮೊರವನ್ನು ಮುಚ್ಚಲಾಗುತ್ತದೆ. ಮೊದಲ ಬಾಗಿನ ಗೌರಿಗೆ. ಅನಂತರ ತಾಯಿಗೆ, ಅತ್ತೆಗೆ, ಇತರ ಮುತ್ತೈದೆಯರಿಗೆ. ಕೊಡುವವಳು ಸೆರಗಿನಿಂದ ಮುಚ್ಚಿ ಕೊಟ್ಟರೆ ಪಡೆಯುವವಳು ಸೆರಗೊಡ್ಡಿಯೇ ಪಡೆಯುತ್ತಾಳೆ.

ಬಾಗಿನ ಒಂದು ದಿಕ್ಕಿನ ಚಲನೆಯಲ್ಲ. ಮಗಳು ತಾಯಿಗೆ ಮೊರ ಕೊಟ್ಟರೆ, ತವರಿನಿಂದ ಮಗಳಿಗೆ ಸೀರೆಯೋ ಅರಿಶಿನ-ಕುಂಕುಮದ ಹೆಸರಿನ ಹಣವೋ ಬರುತ್ತದೆ. ಬರಲಾಗದ ಮಗಳಿಗೆ ಅಣ್ಣತಮ್ಮಂದಿರು ಹಿಂದೆ ಮನಿಯಾರ್ಡರ್ ಕಳುಹಿಸುತ್ತಿದ್ದರು. ಇಂದು ಅದು ಮೊಬೈಲಿನ ಮೂಲಕ ತಲುಪುತ್ತದೆ. ಮೊತ್ತ ಎಷ್ಟೆಂಬುದಕ್ಕಿಂತ ಅದು ಬಂತೆಂಬುದೇ ಮುಖ್ಯ. ಕೊಡುವುದು, ಸ್ವೀಕರಿಸುವುದು, ಮರಳಿ ಕೊಡುವುದು ಈ ಮೂರೂ ಕಡ್ಡಾಯಗಳೆಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ ೧೯೨೫ರ ತನ್ನ ಪ್ರಬಂಧದಲ್ಲಿ ಪ್ರತಿಪಾದಿಸಿದ ಮಾತು ಇಲ್ಲಿಗೆ ಅನ್ವಯಿಸುತ್ತದೆ. ಬಾಗಿನದ ಮೂಲಕ ಮಗಳು 'ಈ ಮನೆ ಇನ್ನೂ ನನ್ನದು' ಎಂದು ಸಾರುತ್ತಾಳೆ; ಮರಳಿ ಕೊಡುವ ಮೂಲಕ ತವರು ಅದನ್ನು ಒಪ್ಪುತ್ತದೆ. ಕಾವೇರಿ ತುಂಬಿದಾಗ ಕೃಷ್ಣರಾಜಸಾಗರದಲ್ಲಿ ರಾಜ್ಯದ ಮುಖ್ಯಮಂತ್ರಿಗಳು ನದಿಗೆ ಬಾಗಿನ ಅರ್ಪಿಸುವ ಪದ್ಧತಿ ಮನೆಯ ಈ ಕ್ರಿಯೆಯ ಸಾರ್ವಜನಿಕ ರೂಪವೆನ್ನಬಹುದು.

ಪ್ರಾದೇಶಿಕ ಭಿನ್ನತೆ

ತವರಿನ ಆಶಯ ಈ ತಿಥಿಗೇ ಅಂಟಿಕೊಂಡುದಲ್ಲ. ಉತ್ತರ ಭಾರತ ಹಾಗೂ ಮಹಾರಾಷ್ಟ್ರಗಳಲ್ಲಿ ಇದೇ ತದಿಗೆಯಂದು ನಡೆಯುವ ಹರಿತಾಲಿಕಾ ವ್ರತದ ಕಥೆ ಶಿವನನ್ನು ವರಿಸಲು ತಪಗೈದ ಅವಿವಾಹಿತ ಪಾರ್ವತಿಯದು. ಹಳೆ ಮೈಸೂರಿನ ಗೌರಿಯಾದರೋ ಮದುವೆಯಾಗಿ, ಮಗನಿದ್ದು, ತವರಿಗೆ ಮರಳಿದವಳು. ಉತ್ತರ ಕರ್ನಾಟಕದಲ್ಲಿ ಮಗಳು ತವರಿಗೆ ಬರುವ ಪ್ರಮುಖ ಹಬ್ಬ ಶ್ರಾವಣದ ನಾಗರಪಂಚಮಿ. ಅಣ್ಣ ಕರೆಯಲು ಬರುವುದು, ಜೋಕಾಲಿ, ಉಂಡಿ ಇವು ಅದರ ಅಂಗಗಳು. ಹಲಸಂಗಿ ಗೆಳೆಯರ ಬಳಗ ಹೊರತಂದ 'ಗರತಿಯ ಹಾಡು' (೧೯೩೧) ಸಂಕಲನದಿಂದ ಮೊದಲ್ಗೊಂಡು ಜನಪದ ತ್ರಿಪದಿಗಳ ಸಂಗ್ರಹಗಳಲ್ಲಿ ತವರಿನ ಹಂಬಲ ಪಡೆದಿರುವ ಸ್ಥಾನವನ್ನು ವಿವರಿಸಬೇಕಾಗಿಲ್ಲ. ಮಗಳನ್ನು ತವರಿಗೆ ಕರೆಸುವ ಸಾಮಾಜಿಕ ಅಗತ್ಯ ಮೊದಲು. ಅದು ಪ್ರದೇಶಕ್ಕೆ ತಕ್ಕಂತೆ ಒಂದೊಂದು ಹಬ್ಬವನ್ನು ಆಶ್ರಯಿಸಿದೆ ಎಂಬುದು ಇದರಿಂದ ಹೊಳೆಯುವ ತೀರ್ಮಾನ.

ಮುತ್ತೈದೆತನದ ಮಿತಿ

ವ್ರತ ಮತ್ತು ಬಾಗಿನಗಳ ಆಶಯಗಳು ಸಾಮಾನ್ಯವಾಗಿ ಒಂದಕ್ಕೊಂದು ಅಡ್ಡಬರುವುದಿಲ್ಲ. ಅವು ಪರಸ್ಪರ ಎದುರಾಗುವುದು ವೈಧವ್ಯದ ಸಂದರ್ಭದಲ್ಲಿ. ತಂದೆ ತೀರಿಕೊಂಡ ಮೇಲೆ, ಸಾಂಪ್ರದಾಯಿಕ ರೂಢಿಯಂತೆ, ಮಗಳು ತಾಯಿಗೆ ಮೊರದ ಬಾಗಿನ ಕೊಡುವಂತಿಲ್ಲ. ವಿಧವೆಯಾದ ಮಗಳಿಗೂ ಬಾಗಿನದ ಕೊಡುಕೊಳೆಯಲ್ಲಿ ಸ್ಥಾನವಿಲ್ಲ. ತಾಯಿ-ಮಗಳ ಸಂಬಂಧ ಹುಟ್ಟಿನಿಂದ ಬಂದುದು. ಗಂಡನ ಸಾವಿನಿಂದ ಅದು ಅಳಿಯುವುದಿಲ್ಲ. ಆದರೂ ಆ ಸಂಬಂಧವನ್ನು ಪ್ರಕಟಿಸುವ ವಿಧಿಗೆ ಮುತ್ತೈದೆತನವೇ ಅರ್ಹತೆಯಾಗಿದೆ. ತವರಿನ ಹಬ್ಬವೆಂದು ಕಾಣುವುದರ ಮೇಲಿನ ಒಡೆತನ ಕೊನೆಗೂ ಪತಿಕೇಂದ್ರಿತ ವ್ರತದ್ದೇ ಎಂಬುದು ಇಲ್ಲಿ ಬಯಲಾಗುತ್ತದೆ.

ಪಾಲಿನ ಪ್ರಶ್ನೆ

ಆಚರಣೆಯ ಈ ತರ್ಕಕ್ಕೂ ಕಾನೂನಿನ ಇತಿಹಾಸಕ್ಕೂ ಕುತೂಹಲಕರ ಹೋಲಿಕೆಯಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ೧೯೯೪ರ ಜುಲೈ ೩೦ರಂದು ಜಾರಿಗೆ ಬಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹಕ್ಕು ನೀಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಅಲ್ಲಿಯೂ ಮದುವೆಯೇ ಗೆರೆ. ೨೦೦೫ರ ಕೇಂದ್ರ ತಿದ್ದುಪಡಿ ಈ ಭೇದವನ್ನು ಕೈಬಿಟ್ಟಿತು. ಮಗಳ ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯ ೨೦೨೦ರಲ್ಲಿ ಸ್ಪಷ್ಟಪಡಿಸಿತು.

ಹಕ್ಕು ದೊರೆತರೂ ಅದನ್ನು ಕೇಳುವುದು ಸುಲಭವಲ್ಲ. ಪಾಲು ಕೇಳಿದರೆ ತವರು ತಪ್ಪುತ್ತದೆಂಬ ಅಳುಕಿನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುವ ಹೆಣ್ಣುಮಕ್ಕಳು ಇದ್ದಾರೆ. ವರ್ಷಕ್ಕೊಮ್ಮೆ ಬರುವ ಬಾಗಿನ ಬಿಟ್ಟುಕೊಟ್ಟ ಪಾಲಿನ ಬದಲಿಯಾಗಿ ಕೆಲಸ ಮಾಡುವುದು ಇಂತಹ ಕಡೆ. ಹೀಗೆಂದು ಬಾಗಿನವನ್ನು ಕೇವಲ ವಂಚನೆಯ ಸಾಧನವೆಂದು ತಳ್ಳಿಹಾಕುವುದು ಸರಿಯಾಗದು. ಆಸ್ತಿಯ ಹಕ್ಕೇ ಇಲ್ಲದಿದ್ದ ಕಾಲದಲ್ಲಿ ಮಗಳು ಹುಟ್ಟಿದ ಮನೆಗೆ ಸೇರಿದವಳೆಂಬುದನ್ನು ವರ್ಷ ವರ್ಷವೂ ನೆನಪಿಸಿದ ಆಚರಣೆ ಇದು. ಪಾಲನ್ನು ಪಡೆದ ಮಗಳಿಗೂ, ಗಂಡನನ್ನು ಕಳೆದುಕೊಂಡ ತಾಯಿಗೂ ಮೊರ ಸಲ್ಲುವಂತಾದಾಗ ಮಾತ್ರ ಗೌರಿ ಹಬ್ಬ ತಾನು ಹೇಳಿಕೊಳ್ಳುವಂತೆ ನಿಜವಾಗಿ ತವರಿನ ಹಬ್ಬವಾಗುತ್ತದೆ.