ಮರುಭೂಮಿಯ ಕಡಲ ತೀರದಲ್ಲಿ ಎಷ್ಟು ದಿನ ತಂಗಬೇಕು?

ಶರ್ಮ್ ಅಲ್ ಶೇಖ್ ಎಂಬ ಊರಿನ ಹೆಸರನ್ನು ನೀವು ವಾರ್ತೆಗಳಲ್ಲಿ ಕೇಳಿರಬಹುದು. ಅರಬ್ ನಾಯಕರ ಸಭೆಗಳು, ಶಾಂತಿ ಮಾತುಕತೆಗಳು ಅಲ್ಲಿ ನಡೆಯುತ್ತಿರುತ್ತವೆ. 2022ರಲ್ಲಿ ಹವಾಮಾನ ಬದಲಾವಣೆಯ ಕುರಿತ ವಿಶ್ವಸಂಸ್ಥೆಯ ಸಮಾವೇಶ ನಡೆದದ್ದೂ ಅಲ್ಲಿಯೇ. ಈಜಿಪ್ಟಿನ ಸಿನಾಯಿ ಪರ್ಯಾಯ ದ್ವೀಪದ ದಕ್ಷಿಣದ ತುದಿಯಲ್ಲಿ ಈ ಊರಿದೆ. ಬೆನ್ನಿಗೆ ಒಂದು ಹುಲ್ಲೂ ಇಲ್ಲದ ಕಂದು ಬೆಟ್ಟಗಳು, ಎದುರಿಗೆ ಕಡು ನೀಲಿಯ ಕೆಂಪು ಸಮುದ್ರ. ಗಲ್ಫ್‌ನಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳಲ್ಲಿ ರಜೆಗೆ ಅತ್ತ ಹೋಗಿ ಬರುವವರಿದ್ದಾರೆ. ಊರಿನಿಂದ ಹೊರಡುವವರಿಗೆ ಕೈರೋ ಮೂಲಕ ದಾರಿಯಿದೆ. ಕೈರೋದಿಂದ ಅಲ್ಲಿಗೆ ಸುಮಾರು ಒಂದು ಗಂಟೆಯ ವಿಮಾನ ಪ್ರಯಾಣ.

ಹೋಗುವುದೋ ಬೇಡವೋ ಎಂಬುದನ್ನು ಸಾಮಾನ್ಯವಾಗಿ ಮನೆಯ ಯಜಮಾನರು ನಿರ್ಧರಿಸುತ್ತಾರೆ. ಯಾವ ಹೋಟೆಲ್ ಎಂಬುದನ್ನು ಟ್ರಾವೆಲ್ ಏಜೆಂಟ್ ಹೇಳುತ್ತಾನೆ. ಆದರೆ "ಎಷ್ಟು ದಿನ?" ಎಂಬ ಪ್ರಶ್ನೆ ಮಾತ್ರ ಕೊನೆಗೆ ನಿಮ್ಮ ಮುಂದೆಯೇ ಬಂದು ನಿಲ್ಲುತ್ತದೆ. ಮಕ್ಕಳ ಬಟ್ಟೆ ಎಷ್ಟು ಜೊತೆ, ಮಾವನವರ ಮಾತ್ರೆ ಎಷ್ಟು ದಿನದ್ದು, ಮಗುವಿನ ಹಾಲಿನ ಪುಡಿ ಎಷ್ಟು ಡಬ್ಬಿ ಎಂದು ಲೆಕ್ಕ ಹಾಕುವವರು ನೀವೇ ತಾನೇ? ಹಾಗಾಗಿ ಆ ಪ್ರಶ್ನೆಗೆ ಏಜೆಂಟನ ಪ್ಯಾಕೇಜ್ ನೋಡಿ ಉತ್ತರ ಹುಡುಕಬೇಡಿ. ಏಳು ರಾತ್ರಿಯ ಪ್ಯಾಕೇಜ್ ಯುರೋಪಿನಿಂದ ಬರುವವರ ಅನುಕೂಲಕ್ಕೆ ಮಾಡಿದ್ದು. ಅವರ ದೇಶದ ಚಳಿಯಿಂದ ತಪ್ಪಿಸಿಕೊಂಡು ಬಿಸಿಲಿನಲ್ಲಿ ಮಲಗುವುದೇ ಅವರ ಉದ್ದೇಶ. ದುಬೈ, ರಿಯಾದ್‌ಗಳಲ್ಲಿ ವರ್ಷವಿಡೀ ಬಿಸಿಲು ಉಂಡವರಿಗೆ ಆ ಅಗತ್ಯವಿಲ್ಲ.

ಮೊದಲು ರಜೆಯ ಲೆಕ್ಕ ನೋಡೋಣ. ಯುಎಇಯ ಕಾನೂನಿನ ಪ್ರಕಾರ ಒಂದು ವರ್ಷ ಪೂರೈಸಿದ ಉದ್ಯೋಗಿಗೆ ವರ್ಷಕ್ಕೆ 30 ದಿನಗಳ ರಜೆ. ಸೌದಿಯಲ್ಲಿ 21 ದಿನ, ಐದು ವರ್ಷಗಳ ಸೇವೆಯ ನಂತರ 30 ದಿನ. ಇದರಲ್ಲಿಯೇ ಊರಿಗೆ ಹೋಗಬೇಕು, ಅತ್ತೆ ಮಾವಂದಿರ ಜೊತೆ ಇರಬೇಕು, ತವರಿಗೂ ಹೋಗಬೇಕು, ನಡುವೆ ಎರಡು ಮದುವೆಗಳಾದರೂ ಇದ್ದೇ ಇರುತ್ತವೆ. ರೆಸಾರ್ಟ್‌ನಲ್ಲಿ ಕಳೆಯುವ ಪ್ರತಿ ದಿನವೂ ಇದೇ ಗಂಟಿನಿಂದ ತೆಗೆದ ದಿನ. ಭಟ್ಕಳದಲ್ಲೋ ಪುತ್ತೂರಿನಲ್ಲೋ ಒಬ್ಬ ವೃದ್ಧ ತಾಯಿ ಕ್ಯಾಲೆಂಡರ್ ನೋಡುತ್ತಾ ಕುಳಿತಿರುತ್ತಾರೆ. ಅವರಿಗೆ "ಈ ಸಲ ಹದಿನೈದೇ ದಿನ ಉಮ್ಮಾ" ಎಂದು ಫೋನಿನಲ್ಲಿ ಹೇಳುವವರು ಯಾರು ಎಂಬುದನ್ನೂ ಮೊದಲೇ ಯೋಚಿಸಿಕೊಳ್ಳಿ. ಹಾಗೆಂದು ಪ್ರವಾಸವೇ ಬೇಡ ಎನ್ನುವುದು ನನ್ನ ಮಾತಲ್ಲ. ನಾಲ್ಕು ಗೋಡೆಗಳ ಫ್ಲಾಟಿನಲ್ಲಿ ಇಡೀ ವರ್ಷ ಒಲೆಯ ಮುಂದೆ ನಿಂತವಳಿಗೆ ಕೆಲವು ದಿನಗಳ ವಿಶ್ರಾಂತಿ ಅವಳ ಹಕ್ಕು. ಆ ವಿಶ್ರಾಂತಿ ನಿಜವಾಗಿಯೂ ಸಿಗುವಷ್ಟು ದಿನ ಬೇಕು, ಅದಕ್ಕಿಂತ ಹೆಚ್ಚು ಬೇಡ. ನನ್ನ ಲೆಕ್ಕದಲ್ಲಿ ಅದು ನಾಲ್ಕು ಅಥವಾ ಐದು ರಾತ್ರಿ.

ಎರಡು ಮೂರು ರಾತ್ರಿ ಯಾಕೆ ಸಾಲದು? ಹೋಟೆಲಿನವರು ರಾತ್ರಿಗಳ ಲೆಕ್ಕದಲ್ಲಿ ಹಣ ಪಡೆಯುತ್ತಾರೆ, ನಾವು ಹಗಲುಗಳ ಲೆಕ್ಕದಲ್ಲಿ ಬದುಕುತ್ತೇವೆ. ಸಾಮಾನ್ಯವಾಗಿ ಕೋಣೆ ಸಿಗುವುದು ಮಧ್ಯಾಹ್ನ ಎರಡು ಗಂಟೆಯ ನಂತರ, ಬಿಡಬೇಕಾದದ್ದು ಹನ್ನೆರಡು ಗಂಟೆಯೊಳಗೆ. ಮೂರು ರಾತ್ರಿಗೆ ಹಣ ಕೊಟ್ಟರೆ ಕೈಗೆ ಸಿಗುವುದು ಎರಡೇ ಪೂರ್ಣ ಹಗಲು. ಅದರಲ್ಲಿ ಮೊದಲನೆಯದು ಪೆಟ್ಟಿಗೆ ಬಿಚ್ಚುವುದರಲ್ಲಿ, ಮಗುವಿಗೆ ನೀರು ಒಗ್ಗದಿರುವುದರಲ್ಲಿ, ಪ್ರಯಾಣದ ಆಯಾಸದಲ್ಲಿ ಮುಗಿಯುತ್ತದೆ. ಎರಡನೆಯ ದಿನ ಸಂಜೆಯಾಗುವಾಗ "ನಾಳೆ ಹೊರಡಬೇಕಲ್ಲ" ಎಂಬ ಚಿಂತೆ. ಗೃಹಿಣಿಯ ಮನಸ್ಸು ಅಡುಗೆ ಮನೆಯನ್ನು ಬಿಟ್ಟು ಬರಲು ಎರಡು ದಿನ ಬೇಕು. ಬೆಳಗ್ಗೆ ಎದ್ದೊಡನೆ "ತಿಂಡಿ ಏನು ಮಾಡಲಿ?" ಎಂಬ ಯೋಚನೆ ಬಾರದಿರುವುದು ಮೂರನೆಯ ದಿನದಿಂದ.

ಇನ್ನು ವಾರಕ್ಕಿಂತ ಹೆಚ್ಚು ಯಾಕೆ ಬೇಡ ಎಂದರೆ, ಅದಕ್ಕೆ ಸಿನಾಯಿಯ ಮರುಭೂಮಿಯದೇ ಒಂದು ಹಳೆಯ ಸಾಕ್ಷಿಯಿದೆ. ಪ್ರವಾದಿ ಮೂಸಾ(ಅ)ರ ಜನರಿಗೆ ಅಲ್ಲಾಹನು ಮನ್ನ ಮತ್ತು ಸಲ್ವಾ ಇಳಿಸಿಕೊಟ್ಟನು. ದುಡಿಮೆಯಿಲ್ಲದೆ ಸಿಗುವ ಆಹಾರ. ಆದರೂ ಸ್ವಲ್ಪ ಕಾಲದಲ್ಲೇ ಅವರಿಗೆ ಒಂದೇ ಬಗೆಯ ಊಟ ಸಾಕಾಯಿತು. ಸೊಪ್ಪು, ಸೌತೆ, ಬೇಳೆ, ಈರುಳ್ಳಿ ಬೇಕೆಂದು ಕೇಳಿದರು ಎಂಬ ವಿಷಯ ಸೂರಃ ಅಲ್ ಬಕರದಲ್ಲಿದೆ. ರೆಸಾರ್ಟಿನ ಬಫೆಯಲ್ಲಿ ಅರುವತ್ತು ಬಗೆಯಿದ್ದರೂ ಆರನೆಯ ದಿನ ನಿಮ್ಮ ಮನೆಯವರ ಬಾಯಲ್ಲಿ ಬರುವ ಮಾತು "ಒಂದು ಗಂಜಿ, ಒಂದು ಮೀನು ಸಾರು ಸಿಕ್ಕಿದ್ದರೆ" ಎಂದೇ. ಅಡುಗೆ ಮನೆಯಿರುವ ಅಪಾರ್ಟ್‌ಮೆಂಟ್ ಹಿಡಿದರೆ ಖರ್ಚು ಕಡಿಮೆ ಎನ್ನುವವರಿದ್ದಾರೆ. ನಿಜ, ಆದರೆ ಆಗ ನೀವು ನಿಮ್ಮ ಒಲೆಯನ್ನು ಸಮುದ್ರ ತೀರಕ್ಕೆ ಸಾಗಿಸಿದಂತಾಯಿತು. ಹತ್ತು ದಿನ ತಂಗಲೇಬೇಕಾದ ಕಾರಣವಿದ್ದರೆ ಮಾತ್ರ ಅದು ಸರಿ.

ನಮಾಝಿನ ಲೆಕ್ಕ

ದಿನಗಳನ್ನು ನಿರ್ಧರಿಸುವಾಗಲೇ ತಿಳಿದಿರಬೇಕಾದ ಒಂದು ವಿಷಯವಿದೆ. ಹಲವರು ಅದನ್ನು ಅಲ್ಲಿಗೆ ಹೋದ ಮೇಲೆ ಕೇಳುತ್ತಾರೆ. ಪ್ರಯಾಣಿಕರಿಗೆ ಝುಹರ್, ಅಸರ್ ಮತ್ತು ಇಶಾ ನಮಾಝ್‌ಗಳನ್ನು ನಾಲ್ಕು ರಕಅತ್‌ನಿಂದ ಎರಡಕ್ಕೆ ಇಳಿಸುವ ಕಸ್ರ್‌ನ ರಿಯಾಯಿತಿಯಿದೆ. ಆದರೆ ಒಂದು ಊರಿನಲ್ಲಿ ಎಷ್ಟು ದಿನ ತಂಗುವ ಉದ್ದೇಶವಿದ್ದರೆ ಈ ರಿಯಾಯಿತಿ ಇಲ್ಲವಾಗುತ್ತದೆ ಎಂಬುದರಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ, ತಲುಪುವ ದಿನ ಮತ್ತು ಹೊರಡುವ ದಿನವನ್ನು ಬಿಟ್ಟು ನಾಲ್ಕು ಪೂರ್ಣ ದಿನ ತಂಗುವ ನಿಯ್ಯತ್ ಇದ್ದರೆ, ಅಲ್ಲಿಗೆ ತಲುಪಿದಂದಿನಿಂದಲೇ ನಮಾಝ್ ಪೂರ್ಣಗೊಳಿಸಬೇಕು. ಹನಫಿ ಮದ್‌ಹಬ್‌ನಲ್ಲಿ ಈ ಮಿತಿ ಹದಿನೈದು ದಿನ.

ಅಂದರೆ ನಾಲ್ಕು ರಾತ್ರಿ ತಂಗಿದರೆ ನಡುವೆ ಮೂರು ಪೂರ್ಣ ದಿನ; ಶಾಫಿಈ ಕುಟುಂಬ ಕಸ್ರ್ ಮಾಡಬಹುದು. ಐದು ರಾತ್ರಿಯಾದರೆ ನಾಲ್ಕು ಪೂರ್ಣ ದಿನ; ಪೂರ್ಣ ನಮಾಝ್. ಬೆಂಗಳೂರಿನ ಹನಫಿ ಮನೆತನದಿಂದ ಬಂದ ಅತ್ತಿಗೆ ಮತ್ತು ಉಳ್ಳಾಲದ ನಾದಿನಿ ಒಂದೇ ಹೋಟೆಲಿನಲ್ಲಿ ಐದು ರಾತ್ರಿ ತಂಗಿದರೆ ಒಬ್ಬಳು ಎರಡು ರಕಅತ್, ಇನ್ನೊಬ್ಬಳು ನಾಲ್ಕು ರಕಅತ್ ನಿರ್ವಹಿಸುವ ಸಂದರ್ಭ ಬರುತ್ತದೆ. ಇದರಲ್ಲಿ ವಾದ ಮಾಡುವಂಥದ್ದೇನೂ ಇಲ್ಲ. ಎರಡು ನಮಾಝ್‌ಗಳನ್ನು ಸೇರಿಸಿ ನಿರ್ವಹಿಸುವ ವಿಷಯದಲ್ಲಿಯೂ ಹೀಗೆಯೇ. ಶಾಫಿಈಗಳಲ್ಲಿ ಪ್ರಯಾಣಿಕರಿಗೆ ಅದಕ್ಕೆ ಅವಕಾಶವಿದೆ, ಹನಫಿಗಳಲ್ಲಿ ಹಜ್ಜ್‌ನ ಅರಫಾ ಮತ್ತು ಮುಝ್ದಲಿಫಾ ಬಿಟ್ಟರೆ ಇಲ್ಲ. ನಡುವೆ ಒಂದು ದಿನ ದೂರದ ಊರಿಗೆ ಹೋಗಿ ಬರುವ ಯೋಜನೆಯಿದ್ದರೆ ಲೆಕ್ಕ ಬದಲಾಗಬಹುದು. ಹೊರಡುವ ಮುನ್ನ ನಿಮ್ಮ ಮಸೀದಿಯ ಉಸ್ತಾದರಲ್ಲಿ ನಿಮ್ಮ ದಿನಚರಿಯನ್ನು ತೋರಿಸಿ ಕೇಳಿಕೊಳ್ಳಿ. ಕಸ್ರ್ ಸಿಗಲೆಂದೇ ಒಂದು ರಾತ್ರಿ ಕಡಿಮೆ ಮಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ವಿಹಾರಕ್ಕೆ ಇಡೀ ದಿನವಿದೆ, ಎರಡು ರಕಅತ್‌ಗೆ ಸಮಯವಿಲ್ಲವೇ?

ಸಮುದ್ರಕ್ಕೆ ಎರಡು ದಿನ, ಬೆಟ್ಟಕ್ಕೆ ಒಂದು

ಪಣಂಬೂರು, ಉಳ್ಳಾಲದ ಕಡಲನ್ನು ನೋಡಿ ಬೆಳೆದವರಿಗೆ ಈ ಸಮುದ್ರ ಬೇರೆಯೇ. ಕೆಂಪು ಸಮುದ್ರಕ್ಕೆ ವರ್ಷವಿಡೀ ಹರಿಯುವ ಒಂದು ನದಿಯೂ ಸೇರುವುದಿಲ್ಲ, ಮಳೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕೆಸರಿಲ್ಲ, ನೀರು ಗಾಜಿನಂತೆ ತಿಳಿ. ಉಪ್ಪು ಮಾತ್ರ ಹೆಚ್ಚು. ಸಾಮಾನ್ಯ ಸಾಗರದಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಇದ್ದರೆ ಇಲ್ಲಿ 40 ಗ್ರಾಂನಷ್ಟಿದೆ. ದಡದಿಂದ ಕೆಲವೇ ಮಾರು ದೂರದಲ್ಲಿ ಹವಳದ ದಿಬ್ಬಗಳು ಶುರುವಾಗುತ್ತವೆ. ಕನ್ನಡಕ ಮತ್ತು ಉಸಿರಿನ ಕೊಳವೆ ಹಾಕಿ ಮುಖ ಮುಳುಗಿಸಿದರೆ ಬಣ್ಣ ಬಣ್ಣದ ಮೀನುಗಳು. ಈಜು ಬಾರದವರಿಗೆ ಗಾಜಿನ ತಳದ ದೋಣಿಯಿದೆ.

ಇಲ್ಲಿಯೇ ಒಂದು ಎಚ್ಚರಿಕೆ. ಹಲವು ಹೋಟೆಲುಗಳ ಎದುರು ಮರಳಿನ ದಡವಿದ್ದರೂ ನೀರಿನೊಳಗೆ ಹವಳವೇ. ಹವಳದ ಮೇಲೆ ಕಾಲಿಡಬಾರದು. ಅದು ಜೀವಂತ, ಮುರಿದರೆ ಬೆಳೆಯಲು ವರ್ಷಗಳು ಬೇಕು, ನಿಮ್ಮ ಕಾಲಿಗೂ ಗಾಯ. ಆದ್ದರಿಂದ ಮರದ ಸೇತುವೆಯ ತುದಿಗೆ ಹೋಗಿ ನೇರವಾಗಿ ಆಳದ ನೀರಿಗೆ ಇಳಿಯಬೇಕಾಗುತ್ತದೆ. ಸಣ್ಣ ಮಕ್ಕಳಿರುವವರು ನಡೆದು ಇಳಿಯಬಹುದಾದ ಮರಳಿನ ತಳವಿದೆಯೇ ಎಂದು ಮೊದಲೇ ವಿಚಾರಿಸಬೇಕು. ನಅಮಾ ಕೊಲ್ಲಿಯಲ್ಲಿ ಅಂತಹ ತೀರವಿದೆ. ಅದಿಲ್ಲದಿದ್ದರೆ ಮಕ್ಕಳು ಹೋಟೆಲಿನ ಕೊಳದಲ್ಲೇ ಇರುತ್ತಾರೆ. ಕೊಳಕ್ಕಾಗಿ ಈಜಿಪ್ಟಿಗೆ ಹೋಗಬೇಕೇ?

ಒಂದು ದಿನ ಹೋಟೆಲಿನ ಮುಂದಿನ ಸಮುದ್ರಕ್ಕೆ, ಇನ್ನೊಂದು ದಿನ ರಾಸ್ ಮುಹಮ್ಮದ್‌ಗೆ. ಇದು 1983ರಲ್ಲಿ ಘೋಷಣೆಯಾದ ಈಜಿಪ್ಟಿನ ಮೊದಲ ರಾಷ್ಟ್ರೀಯ ಉದ್ಯಾನ. ಮರುಭೂಮಿಯ ನಡುವೆ ಉಪ್ಪು ನೀರಿನಲ್ಲಿ ಕಾಂಡ್ಲಾ ಗಿಡಗಳು ಬೆಳೆದಿರುವುದನ್ನು ಅಲ್ಲಿ ನೋಡಬಹುದು.

ಮೂರನೆಯ ದಿನವನ್ನು ತೂರ್ ಬೆಟ್ಟಕ್ಕೆ ಮೀಸಲಿಡಿ. ಇದಿಲ್ಲದಿದ್ದರೆ ಶರ್ಮ್‌ಗೆ ಹೋಗಲು ನಮಗೆ ವಿಶೇಷ ಕಾರಣವೇ ಇಲ್ಲ. ಅಲ್ಲಾಹನು ಆಣೆಯಿಟ್ಟು ಹೆಸರಿಸಿದ ಸಿನಾಯಿಯ ಪರ್ವತ ಇದೇ ಎಂಬುದು ಬಹಳ ಹಿಂದಿನಿಂದ ಬಂದ ನಂಬಿಕೆ. ಬೇರೆ ಅಭಿಪ್ರಾಯವುಳ್ಳ ವಿದ್ವಾಂಸರೂ ಇದ್ದಾರೆ. 2285 ಮೀಟರ್ ಎತ್ತರದ ಜಬಲ್ ಮೂಸಾದ ಬುಡದಲ್ಲಿ ಸೇಂಟ್ ಕ್ಯಾಥರಿನ್ ಎಂಬ ಕ್ರೈಸ್ತ ಮಠವಿದೆ. ಆರನೆಯ ಶತಮಾನದ್ದು. ಅದರ ಗೋಡೆಯೊಳಗೆ ಫಾತಿಮೀ ಕಾಲದ ಒಂದು ಪುಟ್ಟ ಮಸೀದಿಯೂ ಇದೆ. ಪ್ರವಾದಿ(ಸ)ರು ಈ ಮಠದವರಿಗೆ ರಕ್ಷಣೆಯ ಪತ್ರ ನೀಡಿದ್ದರು ಎಂಬ ಪರಂಪರೆಯನ್ನು ಮಠದವರೇ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಮಕ್ಕಳಿಗೆ ತೋರಿಸಬೇಕಾದದ್ದು ಇದನ್ನು.

ಶರ್ಮ್‌ನಿಂದ ಅಲ್ಲಿಗೆ ರಸ್ತೆಯಲ್ಲಿ 200 ಕಿಲೋಮೀಟರಿಗೂ ಹೆಚ್ಚು. ದಾರಿಯಲ್ಲಿ ತಪಾಸಣೆಯಿದೆ, ಎಲ್ಲರ ಪಾಸ್‌ಪೋರ್ಟ್ ಕೈಯಲ್ಲಿರಲಿ. ಮಠ ತೆರೆದಿರುವುದು ಬೆಳಗಿನ ಕೆಲವೇ ಗಂಟೆ. ಶುಕ್ರವಾರ ಮತ್ತು ಭಾನುವಾರಗಳಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ನೀವು ಗುರುವಾರ ರಾತ್ರಿ ತಲುಪಿ ಸೋಮವಾರ ಹೊರಟರೆ ನಿಮಗೆ ಉಳಿಯುವುದು ಶನಿವಾರ ಒಂದೇ. ಎಷ್ಟು ರಾತ್ರಿ ಎಂಬುದರಷ್ಟೇ ಯಾವ ವಾರದಿಂದ ಯಾವ ವಾರ ಎಂಬುದೂ ಮುಖ್ಯ. ಬೆಟ್ಟ ಹತ್ತುವವರು ಮಧ್ಯರಾತ್ರಿಯ ನಂತರ ಹೊರಟು ಸೂರ್ಯೋದಯಕ್ಕೆ ತುದಿ ಸೇರುತ್ತಾರೆ. ಎರಡೂವರೆ ಮೂರು ಗಂಟೆಯ ಏರು, ಬದವಿ ಮಾರ್ಗದರ್ಶಿ ಜೊತೆಯಲ್ಲಿರುತ್ತಾನೆ, ಕೊನೆಯ ಭಾಗ ಕಲ್ಲಿನ ಮೆಟ್ಟಿಲುಗಳು. ತುದಿಯಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಮಂಡಿ ನೋವಿರುವ ಅತ್ತೆಯವರನ್ನು ಒತ್ತಾಯಿಸಬೇಡಿ. ಹತ್ತಿ ಬಂದ ಮರುದಿನ ಯಾರಿಗೂ ಏಳಲಾಗುವುದಿಲ್ಲ. ಆದ್ದರಿಂದ ಬೆಟ್ಟ ಹತ್ತುವ ಕುಟುಂಬಕ್ಕೆ ಐದು ರಾತ್ರಿ, ಹತ್ತದವರಿಗೆ ನಾಲ್ಕು ಸಾಕು.

ಋತುವಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಕ್ಟೋಬರ್, ನವೆಂಬರ್, ಮಾರ್ಚ್, ಏಪ್ರಿಲ್ ಹಿತಕರ. ಆದರೆ ಗಲ್ಫ್‌ನ ಶಾಲೆಗಳ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಆಗ ಅಲ್ಲಿ ಹಗಲಿನ ತಾಪ 38 ಡಿಗ್ರಿ ದಾಟುತ್ತದೆ. ಹತ್ತು ಗಂಟೆಯಿಂದ ನಾಲ್ಕರವರೆಗೆ ಕೋಣೆಯೊಳಗೇ ಇರಬೇಕಾದರೆ ಅದಕ್ಕೆ ಮೂರು ರಾತ್ರಿಯೇ ಹೆಚ್ಚು. ವೀಸಾದ ಬಗ್ಗೆಯೂ ಒಂದು ಮಾತು. ಸಿನಾಯಿಗೆ ಮಾತ್ರ ಬರುವ ಕೆಲವು ದೇಶಗಳವರಿಗೆ ವಿಮಾನ ನಿಲ್ದಾಣದಲ್ಲೇ 15 ದಿನಗಳ ಉಚಿತ ಅನುಮತಿ ಸಿಗುತ್ತದೆ. ಪಕ್ಕದ ಫ್ಲಾಟಿನ ಯುರೋಪಿನವರು ಹೇಳಿದ್ದನ್ನು ನಂಬಿ ಭಾರತದ ಪಾಸ್‌ಪೋರ್ಟ್ ಹಿಡಿದು ಹೊರಡಬೇಡಿ. ಈಜಿಪ್ಟಿನ ದೂತಾವಾಸದಲ್ಲಿ ವಿಚಾರಿಸಿ ವೀಸಾ ಮಾಡಿಸಿಕೊಂಡೇ ಹೋಗಿ.

ಎಲ್ಲವೂ ಸೇರಿದ ದರ

ಕೈಗೊಂದು ಪಟ್ಟಿ ಕಟ್ಟಿ, ಊಟ ಪಾನೀಯ ಎಲ್ಲವೂ ಸೇರಿದೆ ಎನ್ನುವ ಹೋಟೆಲುಗಳೇ ಅಲ್ಲಿ ಹೆಚ್ಚು. ಆ 'ಎಲ್ಲವೂ' ಎಂಬುದರಲ್ಲಿ ಮದ್ಯವೂ ಸೇರಿರುತ್ತದೆ. ನೀವು ಮುಟ್ಟದಿದ್ದರೂ ಅದರ ಹಣ ನಿಮ್ಮ ಬಿಲ್ಲಿನಲ್ಲಿರುತ್ತದೆ. ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ ಮಾತ್ರ ಸೇರಿದ ದರವನ್ನು ಕೇಳಿ, ಮಧ್ಯಾಹ್ನ ಹಳೆಯ ಮಾರುಕಟ್ಟೆಯಲ್ಲಿ ಮೀನು, ಕುಶರಿ, ತಅಮಿಯ್ಯ ತಿನ್ನಿ. 2017ರಲ್ಲಿ ತೆರೆದ ಭವ್ಯವಾದ ಅಸ್ಸಹಾಬಾ ಮಸೀದಿಯೂ ಅಲ್ಲೇ ಇದೆ. ಬಫೆಯಲ್ಲಿ ತಟ್ಟೆ ತುಂಬಿಸಿ ಬಿಡುವ ಮಕ್ಕಳಿಗೆ ಒಂದು ವಿಷಯ ಹೇಳಿ: ಆ ಊರಿಗೆ ನದಿಯಿಲ್ಲ, ಕುಡಿಯುವ ನೀರನ್ನೂ ಸಮುದ್ರದ ಉಪ್ಪು ತೆಗೆದು ಮಾಡಬೇಕು.

ಸಮುದ್ರ ತೀರದಲ್ಲಿ ಅರೆಬೆತ್ತಲೆ ಉಡುಪಿನವರು ಇರುತ್ತಾರೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೆಳೆದ ಮಕ್ಕಳನ್ನು ಎಷ್ಟು ದಿನ ಅಲ್ಲಿ ಕುಳ್ಳಿರಿಸುತ್ತೀರಿ ಎಂಬುದೂ ದಿನಗಳ ಲೆಕ್ಕದಲ್ಲಿ ಬರಬೇಕು. ಹಿಜಾಬ್ ಸಹಿತ ಮೈ ಮುಚ್ಚುವ ಈಜುಡುಗೆಗೆ ಕೊಳದಲ್ಲಿ ಅವಕಾಶವಿದೆಯೇ, ಮಹಿಳೆಯರಿಗೆ ಪ್ರತ್ಯೇಕ ಸಮಯವಿದೆಯೇ ಎಂದು ಹಣ ಕಟ್ಟುವ ಮೊದಲೇ ಬರಹದಲ್ಲಿ ಉತ್ತರ ಪಡೆಯಿರಿ. ಉತ್ತರ ಬಾರದ ಹೋಟೆಲನ್ನು ಬಿಟ್ಟುಬಿಡಿ. ಉತ್ತರಕ್ಕೆ ಒಂದೂವರೆ ಗಂಟೆ ದೂರದ ದಹಬ್ ಇದಕ್ಕಿಂತ ಸಣ್ಣ, ಶಾಂತವಾದ ಊರು. ಗದ್ದಲ ಬೇಡದವರು ಅಲ್ಲಿಯೇ ತಂಗಬಹುದು.

ನಿಮ್ಮ ಕೋಣೆ ಗುಡಿಸುವ, ತಟ್ಟೆ ಎತ್ತುವ ಹುಡುಗರಲ್ಲಿ ಹೆಚ್ಚಿನವರು ಸಿನಾಯಿಯವರಲ್ಲ. ದೂರದ ನೈಲ್ ಕಣಿವೆಯ ಹಳ್ಳಿಗಳಿಂದ ಬಂದು ತಿಂಗಳುಗಟ್ಟಲೆ ಮನೆ ಬಿಟ್ಟಿರುವವರು. 2015ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಹೊರಟ ರಷ್ಯಾದ ವಿಮಾನ ಸಿನಾಯಿಯಲ್ಲಿ ಪತನಗೊಂಡ ಬಳಿಕ ವರ್ಷಗಟ್ಟಲೆ ಪ್ರವಾಸಿಗಳಿಲ್ಲದೆ ಇಂಥವರ ದುಡಿಮೆಗೇ ಪೆಟ್ಟು ಬಿದ್ದಿತ್ತು. ಮನೆಯವನು ಪರದೇಶದಲ್ಲಿ ದುಡಿಯುವುದೆಂದರೇನು ಎಂದು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ಹೊರಡುವ ದಿನ ಬೆಳಗ್ಗೆ ಈಜುವ ಆಸೆ ಬಿಟ್ಟು, ಉಪ್ಪು ಹತ್ತಿದ ಬಟ್ಟೆಗಳನ್ನು ಸಿಹಿ ನೀರಿನಲ್ಲಿ ಹಿಂಡಿ ಬೇರೆ ಚೀಲಕ್ಕೆ ಹಾಕಿ, ಹನ್ನೆರಡಕ್ಕೆ ಮುಂಚೆ ಕೋಣೆ ಬಿಡಿ. ಆ ಹುಡುಗನಿಗೆ ಕೊಡಬೇಕೆಂದಿರುವುದನ್ನು ಮೇಜಿನ ಮೇಲೆ ಬಿಟ್ಟು ಹೋಗದೆ ಅವನ ಕೈಗೇ ಕೊಡಿ.