ಎರಡೇ ಬಾಟಲಿಯಲ್ಲಿ ಬಂಡೆ ಬರೆಯೋಣ



ಜಯನಗರದ ಪಕ್ಕದಲ್ಲೇ ಇರುವ ಲಾಲ್‌ಬಾಗ್ ಬಂಡೆ ಗೊತ್ತಲ್ಲ? ಮೇಲೆ ಕೆಂಪೇಗೌಡ ಗೋಪುರ ಇದೆಯಲ್ಲ, ಅದೇ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಬಣ್ಣ ಯಾವುದು ಅಂತ ಕೇಳಿದರೆ ಎಲ್ಲರೂ "ಬೂದು" ಅಂತೀವಿ. ಆದರೆ ಒಂದೇ ಬೂದು ಬಳಿದರೆ ಕಾಗದದ ಮೇಲೆ ಬಂಡೆ ಕಾಣೋದಿಲ್ಲ, ದೋಸೆ ಕಾಣುತ್ತೆ! ಬಿಸಿಲು ಬಿದ್ದ ಕಡೆ ತಿಳಿ, ಪಕ್ಕಕ್ಕೆ ಇಳಿಜಾರಾದ ಕಡೆ ಮಧ್ಯಮ, ನೆರಳಿನ ಕಡೆ ಗಾಢ. ಈ ಮೂರೂ ಬಂದರೇನೇ ಬಂಡೆಗೆ ಉಬ್ಬು ಬರೋದು.

ಇದಕ್ಕೆ ದೊಡ್ಡ ಬಣ್ಣದ ಪೆಟ್ಟಿಗೆ ಬೇಡ. ಬಿಳಿ, ಕಪ್ಪು ಪೋಸ್ಟರ್ ಬಣ್ಣದ ಎರಡು ಬಾಟಲಿ ಸಾಕು.

ಮಾಡುವ ವಿಧಾನ:

1. ಸಾಲಾಗಿ 5 ಮನೆ ಗೆರೆ ಹಾಕಿ. 1ನೇ ಮನೆಗೆ ಬರೀ ಬಿಳಿ, 5ನೇ ಮನೆಗೆ ಬರೀ ಕಪ್ಪು.

2. ತಟ್ಟೆಗೆ ಬಿಳಿ ಹಾಕಿಕೊಂಡು, ಕುಂಚದ ತುದಿಯಲ್ಲಿ ಚೂರು ಚೂರೇ ಕಪ್ಪು ಸೇರಿಸಿ. ನಡುವಿನ ಬೂದು ಬಂದಾಗ 3ನೇ ಮನೆ ತುಂಬಿ. ಕಪ್ಪಿಗೆ ಬಿಳಿ ಸೇರಿಸುತ್ತಾ ಹೋಗಬೇಡಿ. ಕಪ್ಪು ಬಲು ಜೋರು, ಬಿಳಿ ಬಾಟಲಿಯೇ ಖಾಲಿ ಆಗುತ್ತೆ!

3. ಅದೇ ಬೂದಿಗೆ ಬಿಳಿ ಸೇರಿಸಿದರೆ 2ನೇ ಮನೆ, ಕಪ್ಪು ಸೇರಿಸಿದರೆ 4ನೇ ಮನೆ.

ಒಣಗಿದ ಮೇಲೆ ಬಣ್ಣ ಸ್ವಲ್ಪ ಬದಲಾಗುತ್ತೆ. ಆದ್ದರಿಂದ ಮೊದಲು ರದ್ದಿ ಕಾಗದದ ಮೇಲೆ ಹಚ್ಚಿ, ಒಣಗಿಸಿ ನೋಡಿ.

ಬೇರೆ ಬಣ್ಣಗಳಿಗೆ ಏನು ಮಾಡೋದು? ತಿಳಿ ಮಾಡೋಕೆ ಬಿಳಿ ಸರಿ. ಗಾಢ ಮಾಡೋಕೆ ಮಾತ್ರ ಎಲ್ಲಕ್ಕೂ ಕಪ್ಪು ಬೇಡ. ಹಳದಿಗೆ ಕಪ್ಪು ಹಾಕಿದರೆ ಪಾಚಿ ಹಸಿರು ಆಗಿಬಿಡುತ್ತೆ! ಹಳದಿಗೆ ಚೂರು ಕಂದು ಹಾಕಿ. ಕೆಂಪಿಗೆ ಚೂರು ಹಸಿರು, ಹಸಿರಿಗೆ ಚೂರು ಕೆಂಪು ಸೇರಿಸಿದರೆ ನೆರಳಿನ ಬಣ್ಣ ಸಿಗುತ್ತೆ.

ಜಲವರ್ಣದಲ್ಲಿ ಬಿಳಿಯ ಕೆಲಸವನ್ನು ಕಾಗದವೇ ಮಾಡುತ್ತೆ. ನೀರು ಹೆಚ್ಚಾದಷ್ಟೂ ಬಣ್ಣ ತಿಳಿ. ಊಟಿ, ಕೊಡೈಕೆನಾಲ್‌ಗಳ ದೃಶ್ಯಗಳನ್ನು ಜಲವರ್ಣದಲ್ಲಿ ಬರೆದು ಹೆಸರಾದವರು ನಮ್ಮ ಕಲಾವಿದ ಕೆ. ವೆಂಕಟಪ್ಪ (1886-1965).

ಯಾವುದು ತಿಳಿ, ಯಾವುದು ಗಾಢ ಅಂತ ಗೊತ್ತಾಗದಿದ್ದರೆ ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣ ಪುಟ್ಟ ವಿವರ ಮಸುಕಾಗಿ, ಬೆಳಕು ನೆರಳು ಮಾತ್ರ ಉಳಿಯುತ್ತೆ.

ಇನ್ನು ನಿಮ್ಮ ಸರದಿ: ಕಿಟಕಿ ಪಕ್ಕ ಒಂದು ಮಡಕೆ ಇಡಿ. ಆ 5 ಮನೆಯ ಬಣ್ಣಗಳಲ್ಲೇ ಅದನ್ನು ಬರೆಯಿರಿ. ಕೈ ಹಾಕಿ ಎತ್ತಬಹುದು ಅನ್ನೋ ಹಾಗೆ ಕಂಡರೆ ನೀವು ಗೆದ್ದಿರಿ!