ಬಿಯರಿನ ಕಹಿ, ಕಂಪು: ಹಾಪ್ಸ್ ಹಾಕುವ ವೇಳೆಯಲ್ಲಿದೆ ಗುಟ್ಟು

ಬೇವೂರು (ಬಾಗಲಕೋಟೆ ಜಿಲ್ಲೆ): ಯುಗಾದಿಯಂದು ಬೇವಿನ ಕಹಿಗೆ ಬೆಲ್ಲದ ಸಿಹಿ ಬೆರೆಸುವ ರೂಢಿ, ಹೆಸರಿನಲ್ಲೇ ಬೇವನ್ನು ಹೊತ್ತ ಈ ಊರಿಗೆ ಹೊಸದಲ್ಲ. ಬಿಯರ್ ತಯಾರಿಕೆಯೂ ಅಂಥದೇ ಹದದ ಕೆಲಸ. ಮೊಳಕೆ ಬರಿಸಿದ ಬಾರ್ಲಿಯಿಂದ ಬಸಿದ ಸಿಹಿ ರಸ ಒಂದು ಕಡೆ, ಆ ಸಿಹಿಯನ್ನು ತೂಗಿಸುವ ಕಹಿ ಇನ್ನೊಂದು ಕಡೆ. ಕಹಿಯನ್ನು ಕೊಡುವುದು ಹಾಪ್ಸ್ ಎಂಬ ಬಳ್ಳಿಯ ಹೂವು. ನಿಂಬೆ, ಮಾವು, ಮೆಣಸನ್ನು ನೆನಪಿಸುವ ಪರಿಮಳಗಳೂ ಇದೇ ಹೂವಿನ ಕೊಡುಗೆ. ಒಂದೇ ಹೂವು ಒಮ್ಮೆ ಕಹಿಯನ್ನೂ ಮತ್ತೊಮ್ಮೆ ಕಂಪನ್ನೂ ಕೊಡುವುದು ಹೇಗೆ?

ಹೂವಿನೊಳಗೆ ಏನಿದೆ?

ಹಾಪ್ಸ್ ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು; ಆದರೆ ಗಾಂಜಾದ ಅಮಲು ಇದರಲ್ಲಿಲ್ಲ. ಹೆಣ್ಣು ಬಳ್ಳಿಯ ಹೂವಿನ ಎಸಳುಗಳ ಬುಡದಲ್ಲಿ ಹಳದಿ ಪುಡಿಯಂತೆ ಕಾಣುವ ಲುಪುಲಿನ್ ಗ್ರಂಥಿಗಳಿರುತ್ತವೆ. ಅವುಗಳಲ್ಲಿ ಮುಖ್ಯವಾಗಿ ಎರಡು ಅಂಶಗಳಿವೆ: ಆಲ್ಫಾ ಆಮ್ಲ ಮತ್ತು ಸುಗಂಧ ತೈಲ. ಆಲ್ಫಾ ಆಮ್ಲವು ದೀರ್ಘಕಾಲ ಕುದಿದಾಗ ರೂಪ ಬದಲಿಸಿ ರಸದಲ್ಲಿ ಕರಗುತ್ತದೆ, ಕಹಿಯಾಗುತ್ತದೆ. ಸುಗಂಧ ತೈಲದ ಸ್ವಭಾವ ಇದಕ್ಕೆ ತದ್ವಿರುದ್ಧ. ಕುದಿಯುತ್ತಿದ್ದಂತೆ ಅದು ಹಬೆಯೊಂದಿಗೆ ಹಾರಿಹೋಗುತ್ತದೆ.

ಈ ತೈಲದಲ್ಲಿನ ಕೆಲವು ಅಂಶಗಳು ನಮ್ಮ ಅಡುಗೆಮನೆಗೆ ಪರಿಚಿತವೇ. ಲಿನಲೂಲ್ ಕೊತ್ತಂಬರಿ ಬೀಜದಲ್ಲಿದೆ, ಕ್ಯಾರಿಯೋಫಿಲೀನ್ ಕರಿಮೆಣಸಿನಲ್ಲಿದೆ.

ಸಾರಿಗೆ ಕೊತ್ತಂಬರಿ ಸೊಪ್ಪು ಹಾಕಿದಂತೆ

ಸಾರಿಗೆ ಕೊತ್ತಂಬರಿ ಸೊಪ್ಪನ್ನು ಒಲೆಯಿಂದ ಇಳಿಸುವಾಗ ಹಾಕುತ್ತಾರೆ. ಮೊದಲೇ ಹಾಕಿದರೆ ಘಮ ಉಳಿಯದು. ಹಾಪ್ಸ್‌ನ ನಿಯಮವೂ ಇದೇ. ಒಂದು ಗಂಟೆಯ ಕುದಿತದ ಆರಂಭದಲ್ಲಿ ಹಾಕಿದ್ದು ಕಹಿಗೆ. ಆಗಲೂ ಆಲ್ಫಾ ಆಮ್ಲದ ಸುಮಾರು ಕಾಲು ಭಾಗ ಮಾತ್ರ ಕಹಿಯಾಗಿ ಬಿಯರಿನಲ್ಲಿ ಉಳಿಯುತ್ತದೆ. ಕೊನೆಯ 15 ನಿಮಿಷದಲ್ಲಿ ಹಾಕಿದ್ದು ರುಚಿಗೆ. ಒಲೆ ಆರಿಸಿ, ರಸ 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಹಾಕಿದ್ದು ಹೆಚ್ಚಾಗಿ ಪರಿಮಳಕ್ಕೆ. ಇನ್ನು ಯೀಸ್ಟ್ ತನ್ನ ಕೆಲಸ ಮುಗಿಸುವ ಹಂತದಲ್ಲಿ, ಲೀಟರಿಗೆ 2ರಿಂದ 5 ಗ್ರಾಂ ಲೆಕ್ಕದಲ್ಲಿ ಹಾಪ್ಸನ್ನು ಮೂರು ನಾಲ್ಕು ದಿನ ನೆನೆಸಿಡುವ ಕ್ರಮವೂ ಉಂಟು. ಇಲ್ಲಿ ಶಾಖವೇ ಇಲ್ಲದ್ದರಿಂದ ಕಹಿ ಅಷ್ಟಾಗಿ ಏರದೆ ಕಂಪು ಹೆಚ್ಚುತ್ತದೆ.

ತಳಿಯ ಆಯ್ಕೆ ಎರಡನೆಯ ಸಂಗತಿ. ಚೆಕ್ ನಾಡಿನ ಸಾಜ್ ತಳಿಯದು ಮೃದುವಾದ ಮಸಾಲೆಯ ಕಂಪು. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ತಳಿಯಲ್ಲಿ ಚಕೋತದ ವಾಸನೆ ಎದ್ದು ಕಾಣುತ್ತದೆ. ಆದರೆ ಎಂಥ ದುಬಾರಿ ತಳಿಯಾದರೂ ಗಂಟೆಗಟ್ಟಲೆ ಕುದಿಸಿದರೆ ಉಳಿಯುವುದು ಬಹುತೇಕ ಕಹಿ ಮಾತ್ರ.

ಇಲ್ಲೇಕೆ ಬೆಳೆಯದು?

ಹಾಪ್ಸ್ ಬಳ್ಳಿಗೆ ಬೇಸಿಗೆಯಲ್ಲಿ ದೀರ್ಘ ಹಗಲು, ಚಳಿಗಾಲದಲ್ಲಿ ಕೊರೆಯುವ ಚಳಿ ಎರಡೂ ಬೇಕು. ಬಾಗಲಕೋಟೆಯಲ್ಲಿ ವರ್ಷದ ಅತಿ ದೀರ್ಘ ಹಗಲೂ ಸುಮಾರು 13 ಗಂಟೆ ಮಾತ್ರ. ಭಾರತದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಇದನ್ನು ಬೆಳೆದದ್ದುಂಟು. ಉಳಿದಂತೆ ಹೊರದೇಶಗಳಿಂದ ತರಿಸುವ ಹಾಪ್ಸೇ ಆಸರೆ. ಗಾಳಿ ಮತ್ತು ಶಾಖ ತಗುಲಿದರೆ ಅದು ಕೆಡುತ್ತದೆ, ಹಳೆಯ ಚೀಸಿನಂಥ ವಾಸನೆ ಬರುತ್ತದೆ. ಆದ್ದರಿಂದ ಗಾಳಿಯಾಡದ ಪೊಟ್ಟಣದಲ್ಲಿ, ಶೀತದಲ್ಲಿ ಇಡುವುದು ಅನಿವಾರ್ಯ. ತಯಾರಾದ ಬಿಯರಿಗೆ ಬಿಸಿಲೂ ವೈರಿ. ಬೆಳಕು ಬಿದ್ದಾಗ ಹಾಪ್ಸ್‌ನ ಕಹಿ ಅಂಶ ಒಡೆದು ದುರ್ವಾಸನೆ ಹುಟ್ಟುತ್ತದೆ. ಕಂದು ಬಣ್ಣದ ಬಾಟಲಿಯ ಬಳಕೆಗೆ ಇದೇ ಕಾರಣ.

ಕಾನೂನು ಏನನ್ನುತ್ತದೆ?

ಅಮೆರಿಕದಲ್ಲಿ 1978ರ ಕಾನೂನಿನ ಬಳಿಕ, ವಯಸ್ಕರೊಬ್ಬರು ಸ್ವಂತ ಬಳಕೆಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದು. ಅಲ್ಲಿ ನೆಲೆಸಿದ ಕನ್ನಡಿಗನ ಮನೆಯಲ್ಲಿ ಹವ್ಯಾಸವೆನಿಸುವ ಈ ಕೆಲಸ ಬೇವೂರಿನ ಮನೆಯಲ್ಲಿ ಅಪರಾಧ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮಾರಾಟಕ್ಕಲ್ಲ, ಸ್ವಂತಕ್ಕೆ ಎಂಬ ಸಮಜಾಯಿಷಿಗೆ ಇಲ್ಲಿ ಬೆಲೆಯಿಲ್ಲ. ಆದ್ದರಿಂದ ಹಾಪ್ಸ್‌ನ ಕೈಚಳಕವನ್ನು ಕಂಡು ತಿಳಿಯಬೇಕೆಂಬವರಿಗೆ ಬೆಂಗಳೂರಿನಂಥ ನಗರಗಳ ಪರವಾನಗಿ ಪಡೆದ ಮೈಕ್ರೋಬ್ರೂವರಿಗಳೇ ದಾರಿ. ಅಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಹಾಪ್ಸ್ ಹಾಕಿದಿರಿ?’ ಎಂಬುದಲ್ಲ, ‘ಯಾವಾಗ ಹಾಕಿದಿರಿ?’ ಎಂಬುದು.